ಒಳಾಂಗಣ ಸೂಕ್ಷ್ಮಜೀವಿಗಳು ಮತ್ತು ಮಕ್ಕಳ ರೋಗನಿರೋಧಕ ಶಕ್ತಿ

ಮನೆ, ಶಿಶುವಿಹಾರ, ಅಂಗನವಾಡಿ, ಶಾಲೆ ಮುಂತಾದ ಕಟ್ಟಡಗಳ ಒಳಗಿನ ಗಾಳಿ, ದೂಳು, ನೆಲ, ಗೋಡೆ, ಹಾಸಿಗೆಗಳಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್‌ಗಳು ಮತ್ತು ಸತ್ತ ಮೇಲೂ ಉಳಿಯುವ ಅವುಗಳ ತುಣುಕುಗಳ ಒಟ್ಟು ಸಮೂಹವೇ ಒಳಾಂಗಣ ಸೂಕ್ಷ್ಮಜೀವಿ ಸಮುದಾಯ. ಯಾವುದರ ಮೇಲೆ ಎರಗಬೇಕು, ಯಾವುದನ್ನು ಸಹಿಸಿಕೊಳ್ಳಬೇಕು ಎಂಬುದನ್ನು ಮಗುವಿನ ರೋಗನಿರೋಧಕ ವ್ಯವಸ್ಥೆ ಬದುಕಿನ ಮೊದಲ ಕೆಲವು ವರ್ಷಗಳಲ್ಲಿ ಕಲಿಯುತ್ತದೆ. ಆ ಕಲಿಕೆಯಲ್ಲಿ ಈ ಸಮುದಾಯದ ಪಾಲು ದೊಡ್ಡದು. ಕಲಿಕೆ ಹಳಿ ತಪ್ಪಿದರೆ ಆಸ್ತಮಾ, ಹೇ ಫೀವರ್, ಚರ್ಮದ ಇಸುಬು, ಆಹಾರದ ಅಲರ್ಜಿಯಂಥ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಈ ಸಂಬಂಧವನ್ನು ಶುಚಿತ್ವ ಮತ್ತು ಕೊಳೆಗಳ ನಡುವಿನ ಜಗಳವೆಂದು ಜನಪ್ರಿಯ ಬರಹಗಳು ಬಿಂಬಿಸಿವೆ. ಆದರೆ ಮೂರು ದಶಕಗಳಿಗೂ ಮೀರಿದ ಪುರಾವೆ ಆ ಚಿತ್ರವನ್ನು ಬೆಂಬಲಿಸುವುದಿಲ್ಲ. ಮನೆಯೊಳಗೆ ಎಷ್ಟು ಸೂಕ್ಷ್ಮಜೀವಿಗಳಿವೆ ಎಂಬುದಕ್ಕಿಂತ ಅವು ಎಲ್ಲಿಂದ ಬಂದವು, ಮಗುವಿನ ಯಾವ ವಯಸ್ಸಿನಲ್ಲಿ ಬಂದವು, ಎಂಥ ಗಾಳಿಯ ಜೊತೆಗೆ ಬಂದವು ಎಂಬುದು ಮುಖ್ಯ.

ಪರಿಕಲ್ಪನೆಯ ಉಗಮ

ಹೇ ಫೀವರ್‌ಗೆ ಹುಲ್ಲಿನ ಪರಾಗವೇ ಕಾರಣವೆಂದು ಪ್ರಯೋಗಗಳಿಂದ ತೋರಿಸಿದವರು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ದಿನವಿಡೀ ಪರಾಗದ ನಡುವೆ ದುಡಿಯುವ ರೈತರಲ್ಲಿ ಈ ಕಾಯಿಲೆ ಅಪರೂಪ, ಪಟ್ಟಣದ ವಿದ್ಯಾವಂತರಲ್ಲಿ ಸಾಮಾನ್ಯ ಎಂಬ ವಿಚಿತ್ರವನ್ನೂ ಅವರು 1873ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಈ ಗಮನಿಕೆ ನೂರು ವರ್ಷಕ್ಕೂ ಹೆಚ್ಚು ಕಾಲ ವಿವರಣೆಯಿಲ್ಲದೆ ಉಳಿಯಿತು. 1989ರಲ್ಲಿ ಬ್ರಿಟನ್ನಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಡೇವಿಡ್ ಸ್ಟ್ರ್ಯಾಚನ್, 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 17,414 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದರು. ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಕಿರಿಯ ಮಗುವಿಗೆ ಹೇ ಫೀವರ್ ಬರುವ ಸಂಭವ ಕಡಿಮೆ ಎಂಬುದು ಅವರಿಗೆ ಕಂಡಿತು. ಹಿರಿಯ ಮಕ್ಕಳಿಂದ ತಗಲುವ ಸೋಂಕುಗಳೇ ಕಿರಿಯವರನ್ನು ಕಾಪಾಡುತ್ತವೆಯೇನೋ ಎಂದು ಅವರು ಸೂಚಿಸಿದರು. ಇದು ಶುಚಿತ್ವವಾದ ಎಂದು ಪ್ರಸಿದ್ಧವಾಯಿತು.

ಹೆಸರು ನಿಂತಿತು, ಮೂಲ ವಿವರಣೆ ನಿಲ್ಲಲಿಲ್ಲ. ದಡಾರದಂಥ ಬಾಲ್ಯದ ಸೋಂಕುಗಳು ಅಲರ್ಜಿಯಿಂದ ರಕ್ಷಿಸುತ್ತವೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಸಾಬೀತಾಗಲಿಲ್ಲ. ರೈನೋವೈರಸ್, ಆರ್‌ಎಸ್‌ವಿ ಮೊದಲಾದ ಉಸಿರಾಟದ ವೈರಸ್‌ಗಳಿಂದ ಎಳವೆಯಲ್ಲಿ ಎದೆ ಗೊರಗೊರ ಎಂದ ಮಕ್ಕಳಲ್ಲಿ ಆಸ್ತಮಾ ಹೆಚ್ಚೇ ಕಂಡುಬಂತು. ಹೀಗಾಗಿ 2003ರಲ್ಲಿ ಬ್ರಿಟನ್ನಿನ ಸೂಕ್ಷ್ಮಜೀವಿ ವಿಜ್ಞಾನಿ ಗ್ರಹಾಂ ರೂಕ್ ‘ಹಳೆಯ ಗೆಳೆಯರು’ ಎಂಬ ತಿದ್ದುಪಡಿಯನ್ನು ಮುಂದಿಟ್ಟರು. ರೋಗ ತರುವ ಸೋಂಕುಗಳಲ್ಲ, ಮನುಷ್ಯ ವಿಕಾಸಗೊಂಡ ಕಾಲದಿಂದ ಮಣ್ಣು, ನೀರು, ಪ್ರಾಣಿಗಳ ಮೂಲಕ ಅವನ ಜೊತೆಗಿದ್ದ ನಿರುಪದ್ರವಿ ಜೀವಿಗಳೇ ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ ಎಂಬುದು ಅದರ ತಿರುಳು. ಫಿನ್ಲೆಂಡಿನ ಇಲ್ಕ ಹನ್ಸ್ಕಿ, ತಾರಿ ಹಾಹ್ತೆಲ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಇನ್ನೂ ಹಿಗ್ಗಿಸಿದರು. ಮನೆಯ ಸುತ್ತಲಿನ ಸಸ್ಯವೈವಿಧ್ಯ, ಹದಿಹರೆಯದವರ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಮತ್ತು ಅಲರ್ಜಿಯ ಪ್ರಮಾಣ ಮೂರೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ ಎಂದು ಅವರು ತೋರಿಸಿದ ಬಳಿಕ ಇದಕ್ಕೆ ಜೀವವೈವಿಧ್ಯವಾದ ಎಂಬ ಹೆಸರು ಬಂತು. ಶುಚಿತ್ವವಾದ ಎಂಬ ಹಳೆಯ ಹೆಸರು ಇಂದಿಗೂ ಬಳಕೆಯಲ್ಲಿರುವುದರಿಂದ ಆಗಿರುವ ಹಾನಿ ಸಣ್ಣದಲ್ಲ. ಕೈ ತೊಳೆಯದಿರುವುದೇ ಮಕ್ಕಳಿಗೆ ಒಳಿತು ಎಂಬ ತಪ್ಪು ತಿಳಿವಳಿಕೆಗೆ ಅದೇ ಬೇರು.

ಸಮುದಾಯದ ರಚನೆ

ಒಳಾಂಗಣ ಬ್ಯಾಕ್ಟೀರಿಯಾಗಳ ಅತಿ ದೊಡ್ಡ ಮೂಲ ಮನುಷ್ಯನೇ. ಉದುರುವ ಚರ್ಮದ ಹೊಟ್ಟು, ಉಸಿರು, ಮಾತಿನ ತುಂತುರುಗಳಿಂದ ಸ್ಟ್ಯಾಫಿಲೊಕಾಕಸ್, ಕೊರಿನೆಬ್ಯಾಕ್ಟೀರಿಯಂ, ಸ್ಟ್ರೆಪ್ಟೊಕಾಕಸ್ ಕುಲಗಳು ದೂಳಿಗೆ ಸೇರುತ್ತವೆ. ಎರಡನೆಯ ಮೂಲ ಹೊರಗಿನ ಮಣ್ಣು, ಎಲೆ, ಗಾಳಿ. ಇವು ಕಿಟಕಿ, ಪಾದ, ಚಪ್ಪಲಿಗಳ ಮೂಲಕ ಒಳಬರುತ್ತವೆ. ಸಾಕುಪ್ರಾಣಿ, ದನಕರು, ಜಿರಲೆ, ಇಲಿಗಳದ್ದು ಮೂರನೆಯ ಪಾಲು. ಶಿಲೀಂಧ್ರಗಳ ಬೀಜಕಣಗಳಲ್ಲಿ ಹೆಚ್ಚಿನವು ಹೊರಗಿನಿಂದಲೇ ಬರುತ್ತವೆ. ಆದರೆ ಗೋಡೆ ಥಂಡಿ ಹಿಡಿದಾಗ ಆಸ್ಪರ್ಜಿಲಸ್, ಪೆನಿಸಿಲಿಯಂ ಮುಂತಾದ ಬೂಷ್ಟುಗಳು ಒಳಗೇ ಬೆಳೆದು ಹರಡುತ್ತವೆ. ಒಣಗಿದ ಜಾಗದಲ್ಲಿ ಸೂಕ್ಷ್ಮಜೀವಿಗಳು ಬಹುತೇಕ ಬೆಳೆಯುವುದಿಲ್ಲ, ನಿಷ್ಕ್ರಿಯವಾಗಿರುತ್ತವೆ ಇಲ್ಲವೇ ಸತ್ತಿರುತ್ತವೆ. ಸತ್ತವೂ ಕೆಲಸ ಮಾಡುತ್ತವೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ಕೊಬ್ಬು ಮತ್ತು ಸಕ್ಕರೆಗಳ ಸಂಯುಕ್ತವನ್ನು ಮಗುವಿನ ಜೀವಕೋಶಗಳು ಜೀವಂತ ಬ್ಯಾಕ್ಟೀರಿಯಾದ ಸುಳಿವೆಂದೇ ಓದಿಕೊಳ್ಳುತ್ತವೆ.

ಕಟ್ಟಡದ ವಿನ್ಯಾಸ ಈ ಮೂಲಗಳ ಅನುಪಾತವನ್ನು ಬದಲಿಸುತ್ತದೆ. ಅಮೆರಿಕದ ಆರೆಗನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಟಕಿ ತೆರೆದ ಕೋಣೆಗಳ ಗಾಳಿಗಿಂತ ಯಂತ್ರದ ಮೂಲಕ ಗಾಳಿ ಹಾಯಿಸಿದ ಕೋಣೆಗಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ ಇತ್ತು. ಮನುಷ್ಯರಿಗೆ ರೋಗ ತರುವಂಥವುಗಳ ಹತ್ತಿರದ ಬಂಧುಗಳ ಪಾಲು ಹೆಚ್ಚಿತ್ತು. ಮುಚ್ಚಿದ ಮನೆ ಜೀವಿಗಳಿಲ್ಲದ ಮನೆಯಲ್ಲ. ಅಲ್ಲಿ ಮನುಷ್ಯರದೇ ಜೀವಿಗಳು ಮನುಷ್ಯರಿಗೇ ಮರಳುತ್ತಿರುತ್ತವೆ. ಅಮೆರಿಕದ ಜನ ದಿನದ ಸುಮಾರು ಶೇ. 87ರಷ್ಟು ಹೊತ್ತನ್ನು ಕಟ್ಟಡಗಳೊಳಗೆ ಕಳೆಯುತ್ತಾರೆ ಎಂದು ಅಲ್ಲಿನ ಸಮೀಕ್ಷೆ ಕಂಡುಕೊಂಡಿದೆ. ಎಳೆಯ ಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ತೂಕವಿದೆ, ಏಕೆಂದರೆ ಅಂಬೆಗಾಲಿಡುವ ಮಗುವಿನ ಮೂಗು ನೆಲಕ್ಕೆ ಹತ್ತಿರವಿರುತ್ತದೆ. ಅದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ದೂಳನ್ನು ಉಸಿರಾಡುತ್ತದೆ.

ದೇಹದೊಳಗಿನ ಕ್ರಿಯೆ

ನವಜಾತ ಶಿಶುವಿನ ರೋಗನಿರೋಧಕ ಪ್ರತಿಕ್ರಿಯೆ ಅಲರ್ಜಿಗೆ ಸಂಬಂಧಿಸಿದ ಎರಡನೆಯ ಬಗೆಯ ಸಹಾಯಕ ಟಿ ಕೋಶಗಳ ಕಡೆಗೆ ವಾಲಿರುತ್ತದೆ. ಈ ಒಲವು ಹಾಗೇ ಉಳಿದರೆ, ಪರಾಗ ಅಥವಾ ದೂಳಿನ ನುಸಿಯಂಥ ನಿರಪಾಯ ವಸ್ತುಗಳ ವಿರುದ್ಧ ಇಮ್ಯುನೊಗ್ಲಾಬ್ಯುಲಿನ್ ಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಮುಂದೆ ಅದೇ ವಸ್ತು ಎದುರಾದಾಗ ಸೀನು, ತುರಿಕೆ, ಉಬ್ಬಸ ಶುರುವಾಗುತ್ತವೆ. ಕರುಳು, ಚರ್ಮ, ಶ್ವಾಸನಾಳಗಳಿಗೆ ತಾಗುವ ನಾನಾ ಬಗೆಯ ಸೂಕ್ಷ್ಮಜೀವಿಗಳು ನಿಯಂತ್ರಕ ಟಿ ಕೋಶಗಳನ್ನು ಪ್ರಚೋದಿಸಿ ಈ ಒಲವನ್ನು ತಗ್ಗಿಸುತ್ತವೆ. ಎಂಡೋಟಾಕ್ಸಿನ್ನಿನ ಪಾತ್ರವನ್ನು 2015ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು ಬಿಡಿಸಿ ತೋರಿಸಿದರು. ಸಣ್ಣ ಪ್ರಮಾಣದ ಎಂಡೋಟಾಕ್ಸಿನ್ ಅಥವಾ ಹಟ್ಟಿಯ ದೂಳು ಮತ್ತೆ ಮತ್ತೆ ತಾಗಿದಾಗ ಶ್ವಾಸನಾಳದ ಒಳಪದರದ ಕೋಶಗಳಲ್ಲಿ ಎ20 ಎಂಬ ಕಿಣ್ವ ಹೆಚ್ಚುತ್ತದೆ. ಅದು ಉರಿಯೂತದ ಸಂಕೇತಗಳನ್ನು ಅಲ್ಲೇ ತಡೆಯುತ್ತದೆ. ಆ ಕಿಣ್ವವನ್ನು ತೆಗೆದುಹಾಕಿದ ಇಲಿಗಳಿಗೆ ಹಟ್ಟಿಯ ದೂಳು ಯಾವ ರಕ್ಷಣೆಯನ್ನೂ ಕೊಡಲಿಲ್ಲ.

ವಯಸ್ಸಿನ ಪ್ರಶ್ನೆಗೆ ಸ್ಪಷ್ಟ ಉತ್ತರ ಪ್ರಾಣಿಪ್ರಯೋಗದಿಂದಲೇ ಬಂತು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಕರುಳು ಮತ್ತು ಶ್ವಾಸಕೋಶಗಳಲ್ಲಿ ಉರಿಯೂತ ಹುಟ್ಟಿಸುವ ಒಂದು ಬಗೆಯ ಟಿ ಕೋಶಗಳು ಅತಿಯಾಗಿ ಶೇಖರವಾದವು. ಹುಟ್ಟಿದ ಕೂಡಲೇ ಸೂಕ್ಷ್ಮಜೀವಿಗಳನ್ನು ಒದಗಿಸಿದಾಗ ಈ ದೋಷ ತಪ್ಪಿತು. ಬೆಳೆದ ಇಲಿಗಳಿಗೆ ಒದಗಿಸಿದಾಗ ತಪ್ಪಲಿಲ್ಲ. ಮನುಷ್ಯರಲ್ಲಿ ಇದಕ್ಕೆ ಸಂವಾದಿಯಾದ ಸಾಕ್ಷ್ಯ ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಗ್ರಾಮೀಣ ಮಕ್ಕಳ 2001ರ ಅಧ್ಯಯನದಲ್ಲಿದೆ. ಒಂದು ವರ್ಷ ತುಂಬುವ ಮೊದಲೇ ಹಟ್ಟಿಯ ಸಂಪರ್ಕ ಮತ್ತು ಅಲ್ಲಿನ ಹಾಲು ಎರಡನ್ನೂ ಪಡೆದ ಮಕ್ಕಳಲ್ಲಿ ಆಸ್ತಮಾ ಶೇ. 1ರಷ್ಟಿತ್ತು. ಒಂದರಿಂದ ಐದನೆಯ ವರ್ಷದ ನಡುವೆ ಪಡೆದವರಲ್ಲಿ ಅದು ಶೇ. 11ರಷ್ಟಿತ್ತು.

ಮುಖ್ಯ ಪುರಾವೆಗಳು

ಬರ್ಲಿನ್ ಗೋಡೆ ಬಿದ್ದ ಬಳಿಕ ಜರ್ಮನಿಯ ಮಕ್ಕಳ ತಜ್ಞೆ ಎರಿಕಾ ಫಾನ್ ಮುಟಿಯಸ್ ಆ ದೇಶದ ಪೂರ್ವದ ಲೈಪ್‌ಜಿಗ್ ಮತ್ತು ಪಶ್ಚಿಮದ ಮ್ಯೂನಿಕ್ ನಗರಗಳ ಮಕ್ಕಳನ್ನು ಹೋಲಿಸಿದರು. ಕಲ್ಲಿದ್ದಲಿನ ಹೊಗೆ ಕವಿದ ಲೈಪ್‌ಜಿಗ್‌ನಲ್ಲೇ ಆಸ್ತಮಾ, ಅಲರ್ಜಿ ಹೆಚ್ಚಿರಬೇಕೆಂಬುದು ನಿರೀಕ್ಷೆಯಾಗಿತ್ತು. ಅಲ್ಲಿ ಬ್ರಾಂಕೈಟಿಸ್ ಹೆಚ್ಚಿತ್ತು ನಿಜ, ಆದರೆ ಅಲರ್ಜಿಗಳು ಮ್ಯೂನಿಕ್‌ನಲ್ಲೇ ಹೆಚ್ಚಿದ್ದವು. ಹೊಗೆಯ ರೋಗ ಮತ್ತು ಅಲರ್ಜಿಯ ರೋಗ ಬೇರೆ ಬೇರೆ ದಾರಿಗಳಲ್ಲಿ ಬರುತ್ತವೆ ಎಂಬ ತಿಳಿವಳಿಕೆಗೆ ಇದು ಆಧಾರವಾಯಿತು. ಅನಂತರ ಆಲ್ಪ್ಸ್ ತಪ್ಪಲಿನ ಹೈನುಗಾರ ಕುಟುಂಬಗಳ ಅಧ್ಯಯನಗಳು ಸಾಲಾಗಿ ಬಂದವು. ಮಕ್ಕಳ ಹಾಸಿಗೆಯ ದೂಳಿನಲ್ಲಿ ಎಂಡೋಟಾಕ್ಸಿನ್ ಹೆಚ್ಚಿದ್ದಷ್ಟೂ ಹೇ ಫೀವರ್, ಅಲರ್ಜಿಜನ್ಯ ಆಸ್ತಮಾ ಕಡಿಮೆ ಎಂದು 2002ರಲ್ಲಿ ತಿಳಿಯಿತು. ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿದ್ದಷ್ಟೂ ಆಸ್ತಮಾ ಕಡಿಮೆ ಎಂದು 2011ರಲ್ಲಿ ತಿಳಿಯಿತು.

ಅಲರ್ಜಿ ಇರುವ ಕುಟುಂಬಗಳು ಬೇಸಾಯ ಬಿಟ್ಟು ಪಟ್ಟಣ ಸೇರಿದ್ದರಿಂದಲೇ ಹಳ್ಳಿಯಲ್ಲಿ ಆರೋಗ್ಯವಂತರು ಉಳಿದಿರಬಹುದಲ್ಲವೇ ಎಂಬುದು ಈ ಅಧ್ಯಯನಗಳಿಗೆ ಎದುರಾದ ಗಟ್ಟಿ ಪ್ರಶ್ನೆ. ಅದಕ್ಕೆ ಅತ್ಯುತ್ತಮ ಉತ್ತರ ಸಿಕ್ಕಿದ್ದು ಅಮೆರಿಕದ ಎರಡು ಧಾರ್ಮಿಕ ಸಮುದಾಯಗಳಿಂದ. ಇಂಡಿಯಾನದ ಆಮಿಶ್ ಮತ್ತು ದಕ್ಷಿಣ ಡಕೋಟದ ಹಟರೈಟ್ ಜನರ ಪೂರ್ವಜರು ಮಧ್ಯ ಯುರೋಪಿನವರು. ಇಬ್ಬರ ವಂಶವಾಹಿಗಳಲ್ಲಿ ಬಹಳ ಸಾಮ್ಯವಿದೆ. ದೊಡ್ಡ ಕುಟುಂಬ, ದೀರ್ಘಕಾಲದ ಎದೆಹಾಲು, ಲಸಿಕೆ, ಮನೆಯೊಳಗೆ ನಾಯಿ ಬೆಕ್ಕುಗಳಿಲ್ಲದಿರುವುದು ಇಬ್ಬರಲ್ಲೂ ಒಂದೇ ಬಗೆ. ವ್ಯತ್ಯಾಸವಿರುವುದು ಬೇಸಾಯದಲ್ಲಿ. ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಕೊಟ್ಟಿಗೆ ಮನೆಗೆ ಹತ್ತಿರ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಸಾಮೂಹಿಕ ಜಮೀನು, ದನಗಳಿರುವ ಜಾಗ ಮನೆಗಳಿಂದ ದೂರ. ಆಮಿಶ್ ಶಾಲಾಮಕ್ಕಳಲ್ಲಿ ಆಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ ಶೇ. 21.3. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಶ್ ಮನೆಗಳ ದೂಳಿನಲ್ಲಿ ಎಂಡೋಟಾಕ್ಸಿನ್ 6.8 ಪಟ್ಟು ಹೆಚ್ಚಿತ್ತು. ಆ ದೂಳನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅವುಗಳಲ್ಲಿ ಪ್ರಯೋಗದಿಂದ ಉಂಟುಮಾಡಿದ ಆಸ್ತಮಾ ತಗ್ಗಿತು, ಹಟರೈಟ್ ಮನೆಗಳ ದೂಳಿನಿಂದ ತಗ್ಗಲಿಲ್ಲ. ಜನ್ಮಜಾತ ರೋಗನಿರೋಧದ ಸಂಕೇತಮಾರ್ಗಗಳಿಲ್ಲದ ಇಲಿಗಳಲ್ಲಿ ಆಮಿಶ್ ದೂಳು ಕೂಡ ಕೆಲಸ ಮಾಡಲಿಲ್ಲ. ಎರಡೂ ಸಮುದಾಯಗಳ ಮನೆಗಳು ಚೊಕ್ಕಟವಾಗಿಯೇ ಇದ್ದವು ಎಂಬುದನ್ನು ಮರೆಯಬಾರದು. ಈ ಅಧ್ಯಯನ ಕಸವನ್ನು ಎತ್ತಿಹಿಡಿಯುವುದಿಲ್ಲ, ಕೊಟ್ಟಿಗೆ ಮತ್ತು ಮನೆಯ ನಡುವಿನ ದೂರವನ್ನು ಎತ್ತಿ ತೋರಿಸುತ್ತದೆ.

ಹಟ್ಟಿಯೇ ಇಲ್ಲದ ಮನೆಗಳಿಗೆ ಇದರಿಂದ ಏನು ತಿಳಿಯುತ್ತದೆ? ಫಿನ್ಲೆಂಡಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ 2019ರ ಅಧ್ಯಯನ ಇದಕ್ಕೆ ಉತ್ತರಿಸಿತು. ಮಗುವಿಗೆ ಎರಡು ತಿಂಗಳಾದಾಗ ತೆಗೆದ ದೂಳಿನ ಬ್ಯಾಕ್ಟೀರಿಯಾ ಸಂಯೋಜನೆ ಹೈನುಗಾರರ ಮನೆಯದನ್ನು ಹೋಲುತ್ತಿದ್ದರೆ, ಆ ಮನೆಯಲ್ಲಿ ಬೇಸಾಯವಿಲ್ಲದಿದ್ದರೂ ಆಸ್ತಮಾ ಕಡಿಮೆ ಇತ್ತು. ಹೊರಾಂಗಣ ಮೂಲದ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಮನುಷ್ಯ ಮೂಲದ ಸ್ಟ್ರೆಪ್ಟೊಕಾಕಸ್ ಬಳಗ ಕಡಿಮೆ ಇರುವುದು ಅಂಥ ದೂಳಿನ ಲಕ್ಷಣ. ಒಟ್ಟು ಬ್ಯಾಕ್ಟೀರಿಯಾಗಳ ಪ್ರಮಾಣದಿಂದ ಈ ರಕ್ಷಣೆಯನ್ನು ವಿವರಿಸಲು ಆಗಲಿಲ್ಲ. 2001ರಿಂದ 2010ರವರೆಗೆ ಹುಟ್ಟಿದ ಮಕ್ಕಳ ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿ, ಮೊದಲ ವರ್ಷ ನಾಯಿ ಇದ್ದ ಮನೆಯ ಮಕ್ಕಳಿಗೆ ಶಾಲಾವಯಸ್ಸಿನಲ್ಲಿ ಆಸ್ತಮಾದ ಸಂಭವ ಶೇ. 13ರಷ್ಟು ಕಡಿಮೆ ಕಂಡುಬಂದಿರುವುದೂ ಇದಕ್ಕೆ ಹೊಂದುತ್ತದೆ.

ಹಾನಿ ಮಾಡುವ ಅಂಶಗಳು

ಒಳಾಂಗಣದ ಎಲ್ಲ ಜೀವಿಗಳೂ ರಕ್ಷಕವಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಆಸ್ತಮಾ, ಕೆಮ್ಮು, ಉಸಿರಾಟದ ಸೋಂಕುಗಳು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ತೀರ್ಮಾನಿಸಿದೆ. ಹಾಸಿಗೆ, ದಿಂಬುಗಳಲ್ಲಿ ಬದುಕುವ ದೂಳಿನ ನುಸಿಗೂ ತೇವ ಬೇಕು. ಅದರ ಹಿಕ್ಕೆಯಲ್ಲಿರುವ ಪ್ರೋಟೀನುಗಳು ಲೋಕದ ಅತಿ ಸಾಮಾನ್ಯ ಅಲರ್ಜಿಕಾರಕಗಳಲ್ಲಿ ಸೇರಿವೆ. ಸೌದೆ, ಬೆರಣಿ, ಕಲ್ಲಿದ್ದಲುಗಳ ಹೊಗೆ ಶ್ವಾಸನಾಳದ ರೋಮಗಳ ಚಲನೆಯನ್ನು ಕುಂದಿಸಿ, ಬ್ಯಾಕ್ಟೀರಿಯಾಗಳನ್ನು ನುಂಗುವ ಕೋಶಗಳ ಸಾಮರ್ಥ್ಯವನ್ನು ಇಳಿಸುತ್ತದೆ. ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದೂ ಅವರಲ್ಲಿ ಐದು ವರ್ಷದೊಳಗಿನ ಮಕ್ಕಳು 2,37,000ಕ್ಕೂ ಹೆಚ್ಚೆಂದೂ ಅದೇ ಸಂಸ್ಥೆ ಅಂದಾಜಿಸಿದೆ. ಸೊಳ್ಳೆ ಬತ್ತಿಯನ್ನು ಹಲವರು ಹೊಗೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳ ಮೇಲೆ ನಡೆದ 2003ರ ಅಧ್ಯಯನದಲ್ಲಿ, ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಟ್ಟಿತ್ತು.

ಶುಚಿಗೊಳಿಸುವ ರಾಸಾಯನಿಕಗಳದ್ದು ಪ್ರತ್ಯೇಕ ವಿಷಯ. ಎಳೆಯ ಮಗುವಿರುವ ಮನೆಯಲ್ಲಿ ಇವುಗಳ ಬಳಕೆ ಹೆಚ್ಚಿದ್ದರೆ ಮೂರನೆಯ ವರ್ಷದಲ್ಲಿ ಆಸ್ತಮಾದ ಸಂಭವ ಹೆಚ್ಚು ಎಂದು ಕೆನಡಾದ ಅಧ್ಯಯನವೊಂದು 2020ರಲ್ಲಿ ವರದಿ ಮಾಡಿತು. ಸುವಾಸನೆಯ ಮತ್ತು ಸಿಂಪಡಿಸುವ ಉತ್ಪನ್ನಗಳು ಇದರಲ್ಲಿ ಎದ್ದು ಕಂಡವು. ಇಲ್ಲಿ ತಪ್ಪು ಶುಚಿತ್ವದ್ದಲ್ಲ, ಆವಿಯಾಗಿ ಶ್ವಾಸನಾಳ ಸೇರುವ ಉದ್ರೇಕಕಾರಿಗಳದ್ದು. ಟ್ರೈಕ್ಲೋಸಾನ್ ಸೇರಿ 19 ರೋಗಾಣುನಾಶಕಗಳಲ್ಲಿ ಯಾವುದಾದರೂ ಇರುವ ಸಾಬೂನುಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ನಿಷೇಧಿಸಿತು. ಸಾದಾ ಸಾಬೂನು ಮತ್ತು ನೀರಿಗಿಂತ ಅವು ಮೇಲೆಂದು ತಯಾರಕರು ರುಜುವಾತುಪಡಿಸಲಿಲ್ಲ ಎಂಬುದು ಅದು ಕೊಟ್ಟ ಕಾರಣ.

ಆಕ್ಷೇಪಗಳು

ಸೂಕ್ಷ್ಮಜೀವಿಗಳು ರಕ್ಷಿಸುವುದಾದರೆ ಬಡ ಬಡಾವಣೆಗಳ ಮಕ್ಕಳಲ್ಲಿ ಆಸ್ತಮಾ ಇರಬಾರದಿತ್ತು ಎಂಬುದು ಮೊದಲ ಆಕ್ಷೇಪ. ಅಮೆರಿಕದ ನಗರಗಳ ಬಡ ಕೇರಿಗಳಲ್ಲೂ ಲ್ಯಾಟಿನ್ ಅಮೆರಿಕದ ಹಲವೆಡೆಯೂ ಆಸ್ತಮಾ ಹೆಚ್ಚಿರುವುದು ನಿಜ. ಆದರೆ ಲ್ಯಾಟಿನ್ ಅಮೆರಿಕದ ಆಸ್ತಮಾದಲ್ಲಿ ದೊಡ್ಡ ಪಾಲು ಅಲರ್ಜಿಗೆ ಸಂಬಂಧಿಸದ್ದು. ಹೊಗೆ, ತೇವ, ವೈರಸ್ ಸೋಂಕುಗಳು ಅದರ ಹಿಂದಿವೆ. ಬಾಲ್ಟಿಮೋರ್, ಬಾಸ್ಟನ್, ನ್ಯೂಯಾರ್ಕ್, ಸೇಂಟ್ ಲೂಯಿಸ್ ನಗರಗಳ ಬಡ ಕುಟುಂಬಗಳಲ್ಲಿ ನಡೆದ ಅಧ್ಯಯನ 2014ರಲ್ಲಿ ಇನ್ನೊಂದು ಮುಖವನ್ನು ತೋರಿಸಿತು. ಮೊದಲ ವರ್ಷದಲ್ಲೇ ಜಿರಲೆ, ಇಲಿ, ಬೆಕ್ಕುಗಳ ಅಲರ್ಜಿಕಾರಕಗಳೂ ಕೆಲವು ಬ್ಯಾಕ್ಟೀರಿಯಾಗಳೂ ಹೆಚ್ಚಾಗಿ ತಾಗಿದ ಮಕ್ಕಳಲ್ಲಿ ಮೂರನೆಯ ವರ್ಷಕ್ಕೆ ಮರುಕಳಿಸುವ ಉಬ್ಬಸ ಕಡಿಮೆ ಇತ್ತು. ಬೆಳೆದ ಮೇಲೆ ಜಿರಲೆ ಅಲರ್ಜಿ ಇರುವ ಆಸ್ತಮಾ ರೋಗಿಗೆ ಅದೇ ಜಿರಲೆ ಅಪಾಯಕಾರಿ. ಈ ವೈರುಧ್ಯವನ್ನು ವಯಸ್ಸು ಮತ್ತು ಜೊತೆಗಿರುವ ಬ್ಯಾಕ್ಟೀರಿಯಾಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಿಸಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಮಲಿನ ನೀರು ಮತ್ತು ಮಲದ ಸಂಪರ್ಕ ನಿತ್ಯವಿರುವ ಮಕ್ಕಳ ಕರುಳಿನಲ್ಲಿ ಉರಿಯೂತ ಬೇರೂರಿ, ಪೋಷಕಾಂಶಗಳ ಹೀರಿಕೆ ಕುಗ್ಗಿ, ಬೆಳವಣಿಗೆ ಕುಂಠಿತವಾಗುತ್ತದೆ. ಬಾಯಿಯ ಮೂಲಕ ಕೊಡುವ ಲಸಿಕೆಗಳು ಬಡ ದೇಶಗಳಲ್ಲಿ ಕಡಿಮೆ ಫಲ ಕೊಡುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಪರೀಕ್ಷೆಯಾದ ಭಾರತೀಯ ರೋಟಾವೈರಸ್ ಲಸಿಕೆ ಆ ವೈರಸ್‌ನಿಂದ ಬರುವ ತೀವ್ರ ಭೇದಿಯನ್ನು ಸುಮಾರು ಶೇ. 54ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳ ಫಲ ಶೇ. 85ನ್ನು ಮೀರುತ್ತದೆ. ಮಲಮೂಲದ ರೋಗಾಣುಗಳು ರೋಗನಿರೋಧವನ್ನು ಪಳಗಿಸುವುದಿಲ್ಲ, ದಣಿಸುತ್ತವೆ. ಶೌಚದ ನಂತರ, ಅಡುಗೆಗೆ ಮುನ್ನ, ಮಗುವಿಗೆ ಉಣಿಸುವ ಮುನ್ನ ಕೈ ತೊಳೆಯುವುದಕ್ಕೂ ಮಗು ಅಂಗಳದ ಮಣ್ಣಿನಲ್ಲಿ ಆಡುವುದಕ್ಕೂ ವಿರೋಧವಿಲ್ಲ.

ಭಾರತ ಮತ್ತು ಕರ್ನಾಟಕ

ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಗಳಿಂದ, ಆಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿತೆಂದು ವರದಿ ಮಾಡಿದರು. ಇವರು ಚಿಕಿತ್ಸೆಗೆ ಬಂದ ಮಕ್ಕಳಾದ್ದರಿಂದ ಈ ಅಂಕಿಗಳು ಇಡೀ ನಗರದವಲ್ಲ. ಆದರೂ ಏರಿಕೆಯ ದಿಕ್ಕು ನಗರ ಬೆಳೆದ ವೇಗಕ್ಕೆ ಹೊಂದುತ್ತದೆ. ವಾಹನಗಳ ಹೊಗೆ ಮತ್ತು ಮುಚ್ಚಿದ ಮನೆ ಎರಡೂ ಒಟ್ಟಿಗೆ ಹೆಚ್ಚಿದ ಊರಿನಲ್ಲಿ ಒಂದರ ಪಾಲನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ.

ಹಟ್ಟಿಯ ದೂಳಿನ ಕುರಿತ ಯುರೋಪಿನ ಫಲಿತಾಂಶಗಳನ್ನು ಸೆಗಣಿ ಸಾರಿಸಿದ ನೆಲಕ್ಕೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಆ ಅಧ್ಯಯನಗಳು ಶುದ್ಧ ನೀರು, ಶೌಚಾಲಯ, ಲಸಿಕೆಗಳಿರುವ, ಹೊಗೆಯಿಲ್ಲದ ಮನೆಗಳಲ್ಲಿ ನಡೆದವು. ಶಿಶುವಿನ ಹೊಕ್ಕುಳಿಗೆ ಸೆಗಣಿ ಹಚ್ಚುವ ಹಳೆಯ ರೂಢಿ ಧನುರ್ವಾಯುವಿಗೆ ದಾರಿಯಾಗಿತ್ತು. 2015ರ ಹೊತ್ತಿಗೆ ನವಜಾತರ ಧನುರ್ವಾಯು ನಿರ್ಮೂಲನದ ಗುರಿಯನ್ನು ಭಾರತ ಮುಟ್ಟಿದ್ದು ಲಸಿಕೆ ಮತ್ತು ಶುಚಿಯಾದ ಹೆರಿಗೆಗಳಿಂದ. ಹಸಿ ಹಾಲು ಕುಡಿದ ಯುರೋಪಿನ ಮಕ್ಕಳಲ್ಲಿ ಅಲರ್ಜಿ ಕಡಿಮೆ ಕಂಡಿದ್ದರೂ, ಬ್ರುಸೆಲ್ಲೋಸಿಸ್ ಮತ್ತು ದನಗಳ ಕ್ಷಯ ಇರುವ ನಾಡಿನಲ್ಲಿ ಕಾಯಿಸದ ಹಾಲನ್ನು ಮಗುವಿಗೆ ಕೊಡಲಾಗದು. ಮಲೆನಾಡು ಮತ್ತು ಕರಾವಳಿಯ ಮನೆಗಳಿಗೆ ಮಳೆಗಾಲದ ಬೂಷ್ಟು ಮುಖ್ಯ ಸಮಸ್ಯೆ. ಬಯಲುಸೀಮೆಯಲ್ಲಿ ಸೌದೆ ಒಲೆ ಉಳಿದಿರುವಲ್ಲಿ ಹೊಗೆಯೇ ಮೊದಲ ಸಮಸ್ಯೆ. ಎಣ್ಣೆಸ್ನಾನದ ಬಳಿಕ ಕೂಸಿಗೆ ಹಾಕುವ ಸಾಂಬ್ರಾಣಿ ಹೊಗೆಯನ್ನೂ ಇದರೊಂದಿಗೆ ಎಣಿಸಬೇಕು.

ಬಡ ಮನೆಗಳಿಗೆ ಅಡುಗೆ ಅನಿಲ ಒದಗಿಸುವ ಉಜ್ವಲಾ ಯೋಜನೆ 2016ರಲ್ಲಿ ಆರಂಭವಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 58.6ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತಿದ್ದವು. ಭಾರತ (ತಮಿಳುನಾಡು) ಸೇರಿ ನಾಲ್ಕು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಒಲೆಯನ್ನು ಗ್ಯಾಸಿಗೆ ಬದಲಿಸಿದ್ದರಿಂದ ಶಿಶುಗಳ ತೀವ್ರ ನ್ಯುಮೋನಿಯಾ ಗಮನಾರ್ಹವಾಗಿ ಇಳಿಯಲಿಲ್ಲ ಎಂದು 2024ರಲ್ಲಿ ತಿಳಿಯಿತು. ಹೊಗೆ ನಿರಪಾಯ ಎಂಬುದು ಇದರ ಅರ್ಥವಲ್ಲ. ಪೌಷ್ಟಿಕತೆ, ಲಸಿಕೆ, ಹೊರಗಿನ ಗಾಳಿಗಳನ್ನು ಬಿಟ್ಟು ಒಲೆಯೊಂದನ್ನೇ ಬದಲಿಸಿದರೆ ಸಾಲದಿರಬಹುದು.

ಬಳಕೆ ಮತ್ತು ಇಂದಿನ ಸ್ಥಿತಿ

ಈ ತಿಳಿವಳಿಕೆಯನ್ನು ಬಳಕೆಗೆ ತರುವ ಪ್ರಯತ್ನದಲ್ಲಿ ಫಿನ್ಲೆಂಡ್ ಮುಂದಿದೆ. ಅಲ್ಲಿನ ಶಿಶುವಿಹಾರಗಳ ಜಲ್ಲಿಕಲ್ಲಿನ ಅಂಗಳಕ್ಕೆ ಕಾಡಿನ ನೆಲದ ಪದರ, ಹುಲ್ಲುಹಾಸು, ಗಿಡ ನೆಡುವ ತೊಟ್ಟಿಗಳನ್ನು ತಂದು ಹಾಕಿ, ಮೂರರಿಂದ ಐದು ವರ್ಷದ ಮಕ್ಕಳನ್ನು 28 ದಿನ ಅಲ್ಲಿ ಆಡಿಸಿದರು. ಹತ್ತು ಶಿಶುವಿಹಾರಗಳ 75 ಮಕ್ಕಳನ್ನು ಹೋಲಿಸಿದ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಕ್ಕಳ ಚರ್ಮದ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ನಿಯಂತ್ರಕ ಪ್ರತಿಕ್ರಿಯೆಯ ಸೂಚಕಗಳು ಏರಿದವು. ಸೂಕ್ಷ್ಮಜೀವಿಗಳನ್ನು ಬೆರೆಸಿದ ಮರಳಿನಲ್ಲಿ ಎರಡು ವಾರ ಆಡಿಸಿದ 2022ರ ಪ್ರಯೋಗದಲ್ಲೂ ಇದೇ ದಿಕ್ಕಿನ ಫಲ ಬಂತು. ಯಾವ ಮರಳು ಯಾವುದೆಂದು ಮಕ್ಕಳಿಗೂ ಸಂಶೋಧಕರಿಗೂ ತಿಳಿಯದಂತೆ ಇದನ್ನು ನಡೆಸಲಾಗಿತ್ತು. ಇವೆಲ್ಲ ಚಿಕ್ಕ ಅಧ್ಯಯನಗಳು. ಅವು ಅಳೆದದ್ದು ರಕ್ತದ ಸೂಚಕಗಳನ್ನು, ರೋಗವನ್ನಲ್ಲ. 2008ರಿಂದ 2018ರವರೆಗೆ ನಡೆದ ಫಿನ್ಲೆಂಡಿನ ರಾಷ್ಟ್ರೀಯ ಅಲರ್ಜಿ ಕಾರ್ಯಕ್ರಮ, ಅಲರ್ಜಿಕಾರಕಗಳಿಂದ ದೂರವಿಡುವ ಸಲಹೆಯ ಜಾಗದಲ್ಲಿ ಸಹಿಷ್ಣುತೆ ಬೆಳೆಸುವ ಸಲಹೆಯನ್ನು ತಂದಿತು.

ಆಸ್ತಮಾ ಬಾರದಂತೆ ತಡೆಯುತ್ತದೆಂದು ಒಪ್ಪಿಗೆ ಪಡೆದ ಸೂಕ್ಷ್ಮಜೀವಿಯ ಮಾತ್ರೆಯಾಗಲಿ, ಸಿಂಪರಣೆಯಾಗಲಿ ಇಂದು ಇಲ್ಲ. ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್‌ಗಳಿಗೂ ಅಂಥ ಗುಣವಿದೆಯೆಂದು ಸಾಬೀತಾಗಿಲ್ಲ. ಎದೆಹಾಲು, ಅಗತ್ಯವಿದ್ದಾಗ ಮಾತ್ರ ಆ್ಯಂಟಿಬಯಾಟಿಕ್, ತೆರೆದ ಕಿಟಕಿ, ಹೊಗೆಯಿಲ್ಲದ ಅಡುಗೆಮನೆ, ಸೋರದ ಗೋಡೆ, ಮಣ್ಣು ಮತ್ತು ಗಿಡಗಳ ನಡುವಿನ ಆಟ ಇವುಗಳಿಗೆ ಇಂದಿನ ಪುರಾವೆ ಒಲಿದಿದೆ. ಇವು ಆಸ್ತಮಾ ಈಗಾಗಲೇ ಬಂದಿರುವ ಮಗುವಿಗೆ ಚಿಕಿತ್ಸೆಯಲ್ಲ. ಅಂಥ ಮಗುವಿಗೆ ದೂಳು, ಬೂಷ್ಟು, ಎಂಡೋಟಾಕ್ಸಿನ್ ಮೂರೂ ಉಬ್ಬಸವನ್ನು ಕೆರಳಿಸಬಲ್ಲವು. ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.